ಗಾಜಿನ ಮೇಲಿನ ವಿಭೂತಿ

ತಮ್ಮ ಅಂಗಡಿಯಿದ್ದ ಚಾಮರಾಜಪೇಟೆಯ ಹಳೆಯ ಕಟ್ಟಡವನ್ನು ಕೆಡವುವುದು ನಿಶ್ಚಯವಾದ ಮೇಲೆ, ದೇವರ ಪಟಗಳಿಗೆ ಕಟ್ಟು ಹಾಕುವ ಶಿವರುದ್ರಪ್ಪನವರಿಗೆ ಅಂಗಡಿಯ ಚಿಂತೆಗಿಂತ ಪಟಗಳ ಚಿಂತೆಯೇ ಹೆಚ್ಚಾಯಿತು. ಕಟ್ಟು ಹಾಕಲು ಕೊಟ್ಟು ಮರೆತವರ ದೇವರುಗಳೆಲ್ಲ ಗೋಡೆಗೊರಗಿ ಧೂಳು ಹಿಡಿಯುತ್ತಿದ್ದವು. ಮನೆಯಲ್ಲಿ ಜಾಗವಿರಲಿಲ್ಲ. ಉಳಿದದ್ದು ಅರಳಿಕಟ್ಟೆ, ಬೇಡವಾದ ಪಟಗಳನ್ನು ಜನ ಕೈಮುಗಿದು ಬಿಟ್ಟುಹೋಗುವ ತಾಣ. ಮಳೆ ಬಂದಾಗ ಅಲ್ಲಿ ಲಕ್ಷ್ಮಿಯ ಮುಖ ರಟ್ಟಿನಿಂದ ಕಿತ್ತುಕೊಂಡು ಜೋಲುವುದನ್ನು ಅವರು ಕಂಡಿದ್ದರು. ಅದನ್ನು ನೆನೆದರೆ ಕಾಲು ಏಳುತ್ತಿರಲಿಲ್ಲ.

ಹೀಗಿರುವಾಗ ಪ್ರಿಯಂವದಾ ಎಂಬ ಹುಡುಗಿ ಬಂದಳು. ಮಲ್ಲೇಶ್ವರದಲ್ಲಿ ತೆರೆಯಲಿದ್ದ ಹೋಟೆಲೊಂದರ ಗೋಡೆಗಳಿಗಾಗಿ ಹಳೆಯ ಕ್ಯಾಲೆಂಡರು, ಬೆಂಕಿಪೊಟ್ಟಣದ ಚಿತ್ರ, ಸೋಪಿನ ಜಾಹೀರಾತುಗಳನ್ನು ಹುಡುಕುತ್ತಿದ್ದವಳು. ಐವತ್ತರ ದಶಕದ ಗುಲಾಬಿ ಗಲ್ಲದ ಪಾರ್ವತಿಯರನ್ನು ಕಂಡೊಡನೆ ಅವಳ ಕಣ್ಣರಳಿತು. ಒಂದೊಂದನ್ನೇ ಎತ್ತಿ ನೋಡುತ್ತ ಬಂದಂತೆ ಮುಖ ಸಣ್ಣದಾಯಿತು.

"ಸರ್, ಎಲ್ಲದರಲ್ಲೂ ಕೆಳಗಡೆ ಕಟ್ ಆಗಿದೆಯಲ್ಲ! ಅಂಗಡಿ ಹೆಸರು, ಆ ಕಾಲದ ಅಕ್ಷರ, ಅದೇ ಇಲ್ವಲ್ಲ."

"ಅದು ನಾವೇ ಕತ್ತರಿಸಿದ್ದಮ್ಮ. ವರ್ಷ ಮುಗಿದ್ಮೇಲೆ ಕ್ಯಾಲೆಂಡರು ದೇವರಾಗತ್ತೆ. ಸೀರೆ ಅಂಗಡಿ ಹೆಸರಿಗೆ ಆರತಿ ಎತ್ತೋಕಾಗತ್ತಾ?"

"ಎತ್ತಿದ್ರೆ ನಂಗೊಂದು ಸೀರೆನಾದ್ರೂ ಬರ್ತಿತ್ತು," ಎಂದರು ಬುತ್ತಿ ತಂದಿದ್ದ ಹೆಂಡತಿ ಸರ್ವಮಂಗಳಾ.

ಹುಡುಗಿ ನಕ್ಕಳು, ಆದರೆ ಚೀಲವನ್ನು ಹೆಗಲಿಗೇರಿಸಿಕೊಂಡಳು. ಹೆಸರಿಲ್ಲದ ಚಿತ್ರ ಹೋಟೆಲಿನವರಿಗೆ ಬೇಡವಂತೆ.

"ಕತ್ತರಿಸದೆ ಇರೋದು ಒಂದು ಕೊಟ್ರೆ, ಇವಷ್ಟನ್ನೂ ಕರ್ಕೊಂಡು ಹೋಗ್ತೀಯಾ?" ಎಂದರು ಶಿವರುದ್ರಪ್ಪ.

"ಖಂಡಿತ ಸರ್. ಎಲ್ಲಿದೆ?"

ಅವರು ತಮ್ಮ ತಲೆಯ ಮೇಲಿದ್ದ ಪಟವನ್ನು ತೋರಿಸಿದರು. ತಂದೆ ಈ ಅಂಗಡಿ ಇಟ್ಟಾಗ ಮೊದಲ ಕೆಲಸ ಕೊಟ್ಟ ಚಿಕ್ಕಪೇಟೆಯ ಜವಳಿ ವರ್ತಕರ ಕ್ಯಾಲೆಂಡರದು. ಅನ್ನ ಕೊಟ್ಟವರ ಹೆಸರಿಗೆ ಕತ್ತರಿ ಹಾಕಲಾರದೆ ತಂದೆ ಆ ಅಂಚನ್ನಷ್ಟೇ ಹಿಂದಕ್ಕೆ ಮಡಚಿ ಕಟ್ಟು ಹಾಕಿದ್ದರು. ಅಂದಿನಿಂದ ಬಾಗಿಲು ತೆರೆದ ಕೂಡಲೇ ಮೊದಲ ವಿಭೂತಿ ಆ ಶಿವನ ಹಣೆಗೆ.

"ದಿನಾ ಕೈಮುಗಿಯೋದನ್ನೇ ಕೊಟ್ಬಿಡ್ತೀರಾ?" ಸರ್ವಮಂಗಳಾ ಅವರ ದನಿ ತಗ್ಗಿತು.

"ಇವನೊಬ್ಬ ಹೋದ್ರೆ ಅವರೆಲ್ಲ ಮಳೇಲಿ ನೆನೆಯೋದು ತಪ್ಪತ್ತೆ. ನನಗೂ ಸಾಕಾಗಿದೆ ಕಣೇ."

ಮನಸ್ಸಿನಲ್ಲೇ ಅಪ್ಪಣೆ ಬೇಡಿ ಅವರು ಹಿಂದಿನ ಮೊಳೆಗಳನ್ನು ಕಿತ್ತರು. ಮಡಿಕೆ ಬಿಚ್ಚಿದಾಗ ವರ್ತಕರ ಹೆಸರು ಕೆಂಪಕ್ಷರಗಳಲ್ಲಿ ಹೊಳೆಯಿತು. ಹುಡುಗಿ ಬಾಗಿ ಅದನ್ನು ಓದಿದಳು.

"ಆ ಗಾಜೂ ಬೇಕು ಸರ್. ವಿಭೂತಿ ಒರೆಸ್ಬೇಡಿ, ಅದ್ರಲ್ಲೇ ಇರೋದು ಆ ಕಾಲದ ಫೀಲ್."

ಶಿವರುದ್ರಪ್ಪನವರು ಗಾಜನ್ನು ಎದೆಗೊತ್ತಿಕೊಂಡರು. "ಚಿತ್ರ ತಗೋ ತಾಯಿ. ಗಾಜು ಕೊಡೋಕಾಗಲ್ಲ. ನಾವು ಮುಟ್ಟಿ ಪೂಜೆ ಮಾಡಿದ್ದೆಲ್ಲ ಇದನ್ನೇ."

ನಿಜವೇ ಆಗಿತ್ತು. ಗಾಜಿನಡಿ ಇದ್ದ ಕಾಗದ ನಿನ್ನೆ ಅಚ್ಚಾದಂತಿತ್ತು. ಅದನ್ನು ಯಾರ ಬೆರಳೂ ಸೋಕಿರಲಿಲ್ಲ.

"ಕೈ ತೊಳೆಯೋ ಬೇಸಿನ್ ಹತ್ರ ಮಾತ್ರ ನೇತುಹಾಕ್ಬೇಡಮ್ಮ," ಎಂದು ಸರ್ವಮಂಗಳಾ ಆಟೋದವರೆಗೂ ಹೋಗಿ ಹೇಳಿ ಬಂದರು.

ದೇವರುಗಳೆಲ್ಲ ಹೊರಟುಹೋದರು, ಶಿವರುದ್ರಪ್ಪ ಹಿಂದಕ್ಕಿಟ್ಟುಕೊಂಡ ಒಬ್ಬನ ಹೊರತು. ಬಣ್ಣ ಮಾಸಿದ, ಕೆಳಗೆ ಕತ್ತರಿಸಿದ ಕೈಲಾಸವಾಸಿ. ಅವನನ್ನು ಹಳೆಯ ಗಾಜಿನಡಿ ಕೂಡಿಸಿ, ಮೊಳೆ ಹೊಡೆದು, ಮೊದಲಿನ ಜಾಗದಲ್ಲೇ ತೂಗುಹಾಕಿದರು. ಈ ಶಿವ ತುಸು ಎಡಕ್ಕೆ ಕುಳಿತಿದ್ದ. ಗಾಜಿಗಂಟಿ ಗಟ್ಟಿಯಾಗಿದ್ದ ಮೂರು ವಿಭೂತಿ ಪಟ್ಟೆಗಳು ಅವನ ಹಣೆ ತಪ್ಪಿ ಹಿಂದಿನ ಹಿಮದ ಬೆಟ್ಟದ ಮೇಲೆ ಬಿದ್ದಿದ್ದವು.

"ಒರೆಸಿ ಹೊಸದಾಗಿ ಹಚ್ಬಾರ್ದೇ?"

"ಇರ್ಲಿ ಬಿಡೇ," ಎಂದು ಅವರು ಸ್ಟೂಲಿನ ಮೇಲೆ ಕುಸಿದರು. "ಬೆಳಿಗ್ಗೆ ಇವನ ಹಣೆ ಎಲ್ಲಿದೆ ಅಂತ ಹುಡುಕಿದ್ರಾಯ್ತು."