ಭಾನುವಾರದ ಶಟರ್

"ಶಟರ್ ಇಳಿಸಿ ಸಾವಿತ್ರಮ್ಮ, ಸುಮ್ನೆ ಮಾತು ಬೆಳೆಸ್ಬೇಡಿ," ಎಂದ ವಿಶ್ವಾರಾಧ್ಯ, ಬಳೆ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು.

ಭದ್ರಾವತಿಯ ಆ ಬೀದಿಯಲ್ಲಿ ಭಾನುವಾರ ಯಾರೂ ಅಂಗಡಿ ತೆಗೆಯಬಾರದೆಂದು ವರ್ತಕರ ಸಂಘ ತೀರ್ಮಾನಿಸಿ ಒಂಬತ್ತು ವರ್ಷವಾಗಿತ್ತು. ಹಟ ಹಿಡಿದು ಅದನ್ನು ಮಾಡಿಸಿದವನೇ ಅವನು. ಎದುರುಗಡೆ ಕುಕ್ಕರ್, ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಸಂಘದ ಕಾರ್ಯದರ್ಶಿಯೂ ಆಗಿದ್ದ. ಈಗ ಅವನ ಬೆನ್ನಿಗೆ ಪಾತ್ರೆ ಅಂಗಡಿಯ ಗೋವಿಂದ, ಮತ್ತಿಬ್ಬರು ನಿಂತಿದ್ದರು.

ಸಾವಿತ್ರಮ್ಮ ಗಿರಾಕಿ ಹುಡುಗಿಯ ಕೈಗೆ ಬಳೆ ತೊಡಿಸುತ್ತಲೇ ಇದ್ದಳು. "ಗಾರ್ಮೆಂಟ್ಸ್ ಹುಡ್ಗೀರಿಗೆ ರಜ ಇರೋದೇ ಇವತ್ತು. ನಾನು ಮುಚ್ಕೊಂಡು ಕೂತ್ರೆ ಶಿವಮೊಗ್ಗದ ಮಾಲ್‌ಗೆ ಹೋಗ್ತಾರೆ. ನಿಮ್ಮ ಸಂಘ ಬಂದು ನನ್ನ ಮನೆ ಒಲೆ ಹಚ್ಚುತ್ತಾ?"

"ನೀವೊಬ್ರು ತೆಗೆದ್ರೆ ನಾಳೆ ಎಲ್ರೂ ತೆಗೀಬೇಕಾಗುತ್ತೆ. ಆಮೇಲೆ ರಜ ಅನ್ನೋದೇ ಇರಲ್ಲ."

"ನಿಮಗೆ ರಜ ಬೇಕಾದ್ರೆ ನಿಮ್ಮದು ಮುಚ್ಕೊಳ್ಳಿ ಮಾರಾಯ್ರೆ. ನನ್ನ ಬಾಗ್ಲಿಗೆ ಯಾಕೆ ಬರ್ತೀರಾ?"

ಅವನು ಹತ್ತರ ಬಸ್ಸು ಹಿಡಿಯಬೇಕಿತ್ತು. ಶಿವಮೊಗ್ಗದ ಗೋಪಾಳದಲ್ಲಿ, ಕಿವಿ ಕೇಳದ ಮಕ್ಕಳ ವಸತಿ ಶಾಲೆಯ ಗೇಟಿನ ಕಂಬಿ ಹಿಡಿದು ಮಗಳು ತನುಶ್ರೀ ಕಾಯುತ್ತಿರುತ್ತಾಳೆ. ಭೇಟಿಗೆ ಬಿಡುವುದು ಭಾನುವಾರ ಮಾತ್ರ, ಅದೂ ಮಧ್ಯಾಹ್ನ ಒಂದು ಗಂಟೆಯವರೆಗೆ. ಅದನ್ನೆಲ್ಲ ಈ ಹೆಂಗಸಿನ ಮುಂದೆ ಹೇಳಿಕೊಂಡು ಬೇಡುವುದೇ? ಸಿಟ್ಟು ನೆತ್ತಿಗೇರಿತು. ಕೈ ಚಾಚಿ ಶಟರನ್ನು ಎಳೆದೇಬಿಟ್ಟ. ಅದು ಧಡಾರನೆ ಇಳಿದು ಬಾಗಿಲಲ್ಲಿಟ್ಟಿದ್ದ ಬಳೆಯ ಸ್ಟ್ಯಾಂಡಿಗೆ ಬಡಿಯಿತು. ಗಾಜಿನ ಬಳೆಗಳು ಮೆಟ್ಟಿಲ ತುಂಬ ಚೂರಾದವು. ಒಳಗಿದ್ದ ಹುಡುಗಿ ಚೀರಿದಳು.

ಸಾವಿತ್ರಮ್ಮ ಬಗ್ಗಿ ಹೊರಗೆ ಬಂದಳು. ಅಳಲಿಲ್ಲ. "ಥೂ, ಗಂಡಸಾ ನೀನು? ಬರೋ ಭಾನುವಾರ ಎಂಟಕ್ಕೇ ತೆಗೀತೀನಿ. ಬಾ, ಇನ್ನೊಂದ್ಸಲ ಮುಟ್ಟು."

ವಿಶ್ವಾರಾಧ್ಯ ತಿರುಗಿ ನೋಡಿದರೆ ಜೊತೆಗೆ ಬಂದವರು ಒಬ್ಬರೂ ಇರಲಿಲ್ಲ.

ಮುಂದಿನ ಭಾನುವಾರ ಗೋವಿಂದ ಅರ್ಧ ಬಾಗಿಲು ತೆಗೆದ. ಅದರ ಮುಂದಿನ ವಾರ ಪೂರ್ತಿ ತೆಗೆದು, ಪಾತ್ರೆಗಳ ಪಕ್ಕದಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟುಗಳನ್ನೂ ತೂಗುಹಾಕಿದ. ವಿಶ್ವಾರಾಧ್ಯ ಹೋಗಿ ಕೇಳಿದರೆ, "ನೀನು ಇರಲ್ವಲ್ಲ ಮಾರಾಯ, ಬಂದ ಗಿರಾಕೀನ ವಾಪಸ್ ಕಳಿಸ್ಲಾ?" ಅಂದ. ತಿಂಗಳು ತುಂಬುವುದರೊಳಗೆ ಬೀದಿಯಲ್ಲಿ ಭಾನುವಾರ ಮುಚ್ಚಿರುವುದು ವಿಶ್ವಾರಾಧ್ಯನ ಅಂಗಡಿಯೊಂದೇ ಆಯಿತು.

"ಈ ವಾರ ನೀನೊಬ್ಳೇ ಹೋಗ್ಬಾ," ಎಂದ ಹೆಂಡತಿಗೆ.

ಬುತ್ತಿ ಕಟ್ಟುತ್ತಿದ್ದ ಕವನ ತಲೆ ಎತ್ತಲಿಲ್ಲ. "ಅವಳಿಗೆ ಏನು ಹೇಳ್ಲಿ?"

"ಏನಾದ್ರೂ ಹೇಳು, ಹೋಗು!"

ಆ ಭಾನುವಾರ ಅಂಗಡಿ ತೆಗೆದು ಕೂತಾಗ ಎದುರಿನಿಂದ ಸಾವಿತ್ರಮ್ಮ ಅವನನ್ನೇ ನೋಡಿದಳು. ಅವನೂ ಕಣ್ಣು ಕೀಳಲಿಲ್ಲ. ಹನ್ನೊಂದರ ಹೊತ್ತಿಗೆ ಮೊದಲ ಗಿರಾಕಿ ಬಂದಳು; ಗೋವಿಂದನ ಹತ್ತಿರ ಕೊಂಡ ಗ್ಯಾಸ್ಕೆಟ್ಟು ಕೂರುತ್ತಿರಲಿಲ್ಲವಂತೆ. ಅವನು ಕುಕ್ಕರಿನ ಮುಚ್ಚಳ ಕೈಗೆತ್ತಿಕೊಳ್ಳುವಷ್ಟರಲ್ಲಿ ಕವನಳ ವೀಡಿಯೋ ಕಾಲ್ ಬಂತು. ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿದ. ತನುಶ್ರೀಯ ಬೆರಳುಗಳು ಪರದೆಯ ತುಂಬ ಆಡಿದವು. ಅಪ್ಪ, ಎಲ್ಲಿದ್ದೀಯ? ಯಾಕೆ ಬರಲಿಲ್ಲ?

"ಬೇಗ ಹಾಕ್ಕೊಡ್ರೀ, ಬಸ್ಸಿದೆ ನಂಗೆ," ಎಂದಳು ಗಿರಾಕಿ.

ಉತ್ತರ ಹೇಳಲು ಎರಡೂ ಕೈ ಬೇಕಿತ್ತು. ಒಂದರಲ್ಲಿ ಮುಚ್ಚಳ, ಇನ್ನೊಂದರಲ್ಲಿ ಅರ್ಧ ಕೂತ ರಬ್ಬರು. ಮಗಳು ಮತ್ತೊಮ್ಮೆ ಕೇಳಿದಳು, ಅಪ್ಪನಿಗೆ ಅರ್ಥವಾಗಲಿಲ್ಲವೇನೋ ಎಂಬಂತೆ, ಈ ಸಲ ಒಂದೊಂದೇ ಬೆರಳು ಬಿಡಿಸಿ, ನಿಧಾನವಾಗಿ.