ಚಿಗರಿ ಕರೆಯುತ್ತಿದ್ದ ಗಂಗಾಳ

"ಈ ಗಂಗಾಳಾ ಬಡದ್ರ ಅವು ಬರ್ತಾವೇನ್ರಿ, ಖರೇನ?"

ಡಾಕ್ಟರ್ ರೇಷ್ಮಾ ಬಾಗವಾನ್ ಹೀಗೆ ಕೇಳಿದಾಗ ನಾನು ಫಕ್ಕೀರವ್ವನ ಟೊಂಕದ ಮೇಲೆ ಕೂಸಿನ ಹಾಗೆ ಕೂತಿದ್ದೆ. ಅವಳು ಸೌಟು ತೆಗೆದು ನನ್ನ ಬೆನ್ನಿಗೆ ಎರಡು ಪೆಟ್ಟು ಹಾಕಿದಳು. ಬೇವಿನ ಮರಗಳ ಆಚೆಯಿಂದ, ಮುಚ್ಚಿದ ಗಿರಣಿಯ ಗೋಡೆಯ ಸಂದಿಯಿಂದ, ನೀರಿನ ಟಾಕಿಯ ನೆರಳಿನಿಂದ ಒಂದೊಂದೇ ಎದ್ದು ಬಂದವು. ನೀವು ಜಿಂಕೆ ಅನ್ನುತ್ತೀರಿ, ನಮ್ಮ ಕಡೆ ಚಿಗರಿ. ಪಕ್ಕೆಲುಬು ಎಣಿಸಬಹುದಾದ ಚಿಗರಿಗಳು. ಎಲ್ಲಕ್ಕಿಂತ ಮುಂದೆ ದ್ಯಾಮಿ. ಅವಳು ಬಂದವಳೇ ನನ್ನ ಅಂಚನ್ನು ಒಮ್ಮೆ ನೆಕ್ಕಿದಳು.

"ಹಂಗಾದ್ರ ನಮ್ಮ ಕೆಲಸಾ ಆತು" ಎಂದರು ಡಾಕ್ಟರು. ಅವರ ದನಿಯಲ್ಲಿ ಖುಷಿ ಇರಲಿಲ್ಲ.

ಆ ಗಂಗಾಳ ನಾನು. ಉಣ್ಣುವ ತಟ್ಟೆ, ಅಪ್ಪಟ ಕಂಚಿನದು. ಹುಟ್ಟಿದ್ದು ಕಂಚುಗಾರರ ಓಣಿಯಲ್ಲಿ. ತಾಮ್ರ ತವರ ಎರಡೂ ಕರಗಿ ಒಂದಾಗಿ, ಅಚ್ಚಿಗೆ ಇಳಿದು, ಸುತ್ತಿಗೆಯ ಕೆಳಗೆ ಅಗಲವಾದೆ. ನನ್ನನ್ನು ಮಾಡಿದ ಮುದುಕ ಪ್ರತಿ ಪಾತ್ರೆಯನ್ನೂ ಬೆರಳಿನಿಂದ ಮಿಡಿದು ಕಿವಿಗೆ ಹಿಡಿಯುತ್ತಿದ್ದ. ನನ್ನ ಸರದಿ ಬಂದಾಗ ಬಹಳ ಹೊತ್ತು ಕೇಳಿಸಿಕೊಂಡ. ಗುಡಿಗೆ ಗಂಟೆಯಾಗಿ ಹೋಗಬೇಕಾದದ್ದು ತಪ್ಪಿ ಗಂಗಾಳ ಆಗಿದೆ ಎಂದು ನಕ್ಕ. ನನ್ನನ್ನು ಕೊಳ್ಳಲು ಬಂದ ಹೆಣ್ಣಿನ ತಂದೆಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಿದ. ಕಂಚು ನೆಗ್ಗುವುದಿಲ್ಲ, ಬಿದ್ದರೆ ಸೀಳುತ್ತದೆ, ಕಲ್ಲಿಗೆ ತಗಲದಂತೆ ಜೋಪಾನ ಮಾಡಿರಿ ಎಂದ. ಮಗಳ ಮದುವೆಗೆ ಅಂತ ಕೊಂಡಿದ್ದರು. ಆ ಮಗಳೇ ಫಕ್ಕೀರವ್ವ.

ಹೀಗೆ ನಾನು ಯಮನಪ್ಪನ ಮನೆಗೆ ಬಂದೆ. ಮನೆ ಎಂದರೆ ನೂಲಿನ ಗಿರಣಿಯ ತೋಟದ ಮೂಲೆಯಲ್ಲಿ ಒಂದು ಅಡಿಗೆಮನೆ, ಒಂದು ಖೋಲಿ. ಗಿರಣಿಯ ಮಾಲಕರಿಗೆ ಚಿಗರಿ ಸಾಕುವ ಹುಚ್ಚು. ಅವನ್ನು ನೋಡಿಕೊಳ್ಳುವುದು ಯಮನಪ್ಪನ ಕೆಲಸ. ಆಗ ಅವು ಕೈಬೆರಳಲ್ಲಿ ಎಣಿಸುವಷ್ಟು ಮಾತ್ರ ಇದ್ದವು. ತೋಟ ದೊಡ್ಡದು. ಅವನು ಯಾವ ಮೂಲೆಯಲ್ಲಿ ಮೇವು ಹಾಕುತ್ತಿರುತ್ತಾನೋ ಗೊತ್ತಾಗುತ್ತಿರಲಿಲ್ಲ. ಗಂಡನ ಹೆಸರು ಹಿಡಿದು ಕೂಗಲು ಹೊಸ ಮದುವಣಗಿತ್ತಿಗೆ ನಾಚಿಕೆ. ಅದಕ್ಕೇ ಊಟದ ಹೊತ್ತಾದರೆ ಬಾಗಿಲಲ್ಲಿ ನಿಂತು ನನ್ನನ್ನು ಬಡಿಯುತ್ತಿದ್ದಳು. ಅವನು ಬಂದು, ಉಂಡು, ಉಳಿದ ರೊಟ್ಟಿ ಚೂರನ್ನು ಬೇಲಿಯಾಚೆ ಚೆಲ್ಲುತ್ತಿದ್ದ. ಸ್ವಲ್ಪ ದಿನದಲ್ಲೇ ಅವನಿಗಿಂತ ಮೊದಲು ಚಿಗರಿಗಳು ಬೇಲಿಗೆ ಬಂದು ನಿಲ್ಲತೊಡಗಿದವು. "ನಾ ಕರದದ್ದು ಗಂಡನ್ನ, ಬಂದದ್ದು ನಿಮ್ಮ ಬೀಗರು" ಎಂದು ಅವಳು ಅವನನ್ನು ಕಾಡಿಸುತ್ತಿದ್ದಳು.

ಆ ಮನೆಯಲ್ಲಿ ಎರಡು ನೇಮ ಇದ್ದವು. ನಿಮ್ಮ ಮನೆಯಲ್ಲೂ ಇದ್ದಾವು. ಹೊರಟವರಿಗೆ 'ಹೋಗು' ಅನ್ನಬಾರದು, 'ಹೋಗಿ ಬಾ' ಅನ್ನಬೇಕು. ಹೊರಟವರನ್ನು ಹಿಂದಿನಿಂದ ಕರೆಯಬಾರದು. ಎರಡನೆಯದನ್ನು ಫಕ್ಕೀರವ್ವ ಒಂದೇ ಒಂದು ಸಲ ಮುರಿದಳು. ಆ ದಿನ ಯಮನಪ್ಪ ಬುತ್ತಿಯ ಗಂಟು ಮರೆತು ಹೊರಟಿದ್ದ. ಅವಳು ನನ್ನನ್ನು ಬಡಿದಳು. ಅವನು ತಿರುಗಿ ಬಂದು, ಬುತ್ತಿ ತೆಗೆದುಕೊಂಡು, ನಕ್ಕು ಹೋದ. ಮಧ್ಯಾಹ್ನ ನೀರಿನ ಟಾಕಿಯ ಹತ್ತಿರ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹೃದಯದ ಬೇನೆ ಅಂದರು. ಆದರೆ ಆಮೇಲೆ ಹೊಸ್ತಿಲು ದಾಟಿದ ಯಾರ ಬೆನ್ನಿಗೂ ಅವಳ ಬಾಯಿಂದ ಒಂದು ಮಾತೂ ಬೀಳಲಿಲ್ಲ. ಕಾಯಿಪಲ್ಯದವನು ಚೀಲ ಬಿಟ್ಟು ಹೋದರೂ ಅವನು ತಾನಾಗಿ ಬರುವ ತನಕ ಕಾಯುತ್ತಿದ್ದಳು.

ಗಂಡನ ಕೆಲಸ ಅವಳಿಗೆ ಬಂತು. ಗಿರಣಿ ಮುಚ್ಚಿತು. ಯಂತ್ರಗಳನ್ನು ಮಾರಿದರು, ಚಿಗರಿಗಳನ್ನು ಮಾರುವಂತಿರಲಿಲ್ಲ. ತೋಟ ನಗರಸಭೆಗೆ ಸೇರಿ ಉದ್ಯಾನವಾಯಿತು. ಊರು ಗೋಡೆಯ ಸುತ್ತ ಬೆಳೆಯಿತು, ಗೋಡೆಯೊಳಗೆ ಹಿಂಡು ಬೆಳೆಯಿತು. ಹುಲ್ಲು ಮಾತ್ರ ಬೆಳೆಯಲಿಲ್ಲ. ರವಿವಾರ ಬಂದ ಜನ ಚುರುಮುರಿ ಪೊಟ್ಟಣ ಎಸೆದರೆ ಅವು ಪೊಟ್ಟಣದ ಸಮೇತ ತಿನ್ನುತ್ತಿದ್ದವು. ಗಂಡು ಹೆಣ್ಣು ಬೇರೆ ಮಾಡಬೇಕೆಂದು ನಡುವೆ ತಂತಿಯ ಜಾಳಿಗೆ ಹಾಕಿದರು. ಗಂಡುಗಳು ಕೋಡಿನಿಂದ ಅದನ್ನು ಒಂದೇ ವಾರಕ್ಕೆ ಮಲಗಿಸಿದವು. ಹಸಿವು ತಾಳದ ಕೆಲವು ಗೋಡೆ ಹಾರಿ ಬೈಪಾಸ್ ರಸ್ತೆಗೆ ಬೀಳುತ್ತಿದ್ದವು.

ಹಾಗೆ ಹಾರಿದ ಒಂದು ತಾಯಿ ಲಾರಿಗೆ ಸಿಕ್ಕಿತು. ಅದರ ಮರಿಯನ್ನು ಫಕ್ಕೀರವ್ವ ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಇನ್ನೂ ಹೊಕ್ಕಳು ಒಣಗಿರಲಿಲ್ಲ. ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿದಳು, ಒಲೆಯ ಹತ್ತಿರ ಮಲಗಿಸಿದಳು. ದ್ಯಾಮಿ ಎಂದು ಹೆಸರಿಟ್ಟಳು, ಮಗಳು ಹುಟ್ಟಿದ್ದರೆ ಇಡಬೇಕೆಂದಿದ್ದ ಹೆಸರು. ಅವಳು ಉಂಡ ಮೇಲೆ ನನ್ನಲ್ಲಿ ಉಳಿದ ಉಪ್ಪುನೀರನ್ನು ದ್ಯಾಮಿ ನೆಕ್ಕುತ್ತಿದ್ದಳು. ಬಿಸಿಯಾದ, ಒರಟಾದ ಸಣ್ಣ ನಾಲಿಗೆ. ನಾನು ಹುಣಸೆಹಣ್ಣು, ಬೂದಿ, ಸೋಪಿನ ಪುಡಿ ಎಲ್ಲ ಕಂಡವನು. ಆ ನಾಲಿಗೆ ತೊಳೆದಷ್ಟು ಚಲೋ ಯಾವುದೂ ನನ್ನನ್ನು ತೊಳೆಯಲಿಲ್ಲ.

ಡಾಕ್ಟರ್ ರೇಷ್ಮಾ ಪ್ರಾಣಿಗಳ ಡಾಕ್ಟರು. ಅವರು ಬಂದದ್ದು ಹೆಚ್ಚಾದ ಹಿಂಡನ್ನು ಕಾಡಿಗೆ ಸಾಗಿಸಲು. ಫಕ್ಕೀರವ್ವನ ಜಗುಲಿಯ ಮೇಲೆ ಕೂತು, ಅವಳು ಕೊಟ್ಟ ಚಹಾ ಕುಡಿಯುತ್ತ, ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಇಲ್ಲೇ ಬಿಟ್ಟರೆ ಬೇಸಿಗೆ ದಾಟುವುದಿಲ್ಲ. ಕೆಲವು ಗಂಡುಗಳನ್ನಷ್ಟೇ ಇಲ್ಲಿ ಉಳಿಸುವುದು, ಮಿಕ್ಕವನ್ನು ಒಯ್ಯುವುದು. ಬೆನ್ನು ಹತ್ತಿ ಹಿಡಿದರೆ ಹೆದರಿಕೆಗೇ ಸಾಯುವ ಜಾತಿ ಇದು, ತಾವಾಗಿ ನಡೆದು ಬರಬೇಕು. ಕೈಯಲ್ಲಿ ಬೆಳೆದ ದ್ಯಾಮಿಯನ್ನು ಮಾತ್ರ ಕಳಿಸುವಂತಿಲ್ಲ. ಮನುಷ್ಯರಿಗೆ, ನಾಯಿಗೆ ಹೆದರಲು ಕಲಿಯದ ಚಿಗರಿ ಕಾಡಿನಲ್ಲಿ ಬದುಕುವುದಿಲ್ಲ. ಆ ದಿನ ಅದನ್ನು ಮೇವಿನ ಖೋಲಿಯಲ್ಲಿ ಕಟ್ಟಿಹಾಕಿರಿ ಎಂದು ಎರಡೆರಡು ಸಲ ಹೇಳಿದರು.

ಹಸಿರು ಬಟ್ಟೆಯ ಗೋಡೆ ಕಟ್ಟಿದರು. ಬಾಯಿ ಅಗಲ, ಹೋಗುತ್ತ ಹೋಗುತ್ತ ಕಿರಿದು, ಕೊನೆಗೆ ಲಾರಿಯ ಬಾಗಿಲು. ದೊಡ್ಡ ಆಲಿಕೆ ಮಲಗಿಸಿದ ಹಾಗೆ. ಕೆಲವು ವಾರ ಫಕ್ಕೀರವ್ವ ದಿನಾ ಅದರೊಳಗೇ ನನ್ನನ್ನು ಬಡಿದು ಮೇವು ಹಾಕಿದಳು. ಮೊದಮೊದಲು ಅನುಮಾನಿಸಿದವು. ಆಮೇಲೆ ನನ್ನ ದನಿ ಎಲ್ಲಿದೆಯೋ ಅಲ್ಲಿ ಊಟ ಇದೆ ಎಂದು ನಂಬಿದವು. ನಾನು ಆವರೆಗೆ ಯಾರಿಗೂ ಸುಳ್ಳು ಹೇಳಿರಲಿಲ್ಲ.

ಆ ಮುಂಜಾನೆ ಅವಳು ದ್ಯಾಮಿಯನ್ನು ಮೇವಿನ ಖೋಲಿಗೆ ಒಯ್ದಳು. ಡಾಕ್ಟರು ಹಗ್ಗ ಕೊಟ್ಟಿದ್ದರು. ಕೊರಳು ತರಚೀತು ಎಂದು ಅವಳು ಹಗ್ಗವನ್ನು ಬದಿಗಿಟ್ಟು, ತನ್ನ ಹಳೇ ಸೀರೆಯ ಅಂಚು ಹರಿದು ಸಡಿಲವಾಗಿ ಕಟ್ಟಿದಳು. ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿ, ಹೊರಗೆ ಬಂದು, ನನ್ನನ್ನು ಬಡಿದಳು.

ಹಿಂಡು ಬಂತು. ಧೂಳು ಎದ್ದಿತು. ಕೊನೆಯ ಕೆಲವು ಗಂಡುಗಳನ್ನು ಹೊರಗೆ ಬಿಟ್ಟು ಹಿಂದಿನಿಂದ ಪರದೆ ಬಿತ್ತು, ಲಾರಿಯ ಬಾಗಿಲು ಬಿತ್ತು. ಒಳಗಿನಿಂದ ಗೊರಸು ಬಡಿಯುವ ಸದ್ದು. ಯಾವುದು ಯಾವುದೆಂದು ಗುರುತು ಹಿಡಿಯುವಷ್ಟು ಹೊತ್ತು ಯಾರಿಗೂ ಸಿಗಲಿಲ್ಲ. ನಿಲ್ಲಿಸಿದಷ್ಟೂ ಅವುಗಳ ಎದೆ ಒಡೆಯುತ್ತದೆ ಎಂದು ಡಾಕ್ಟರು ಅವಸರ ಮಾಡಿದರು.

"ಹೋಗಿ ಬರ್ರೆವಾ" ಎಂದಳು ಫಕ್ಕೀರವ್ವ, ಲಾರಿಯ ಕಡೆ ಕೈ ಎತ್ತಿ.

"ಬರಬಾರದ್ರಿ ಅವು. ಹೋಗ್ರಿ ಅಂತಷ್ಟ ಅನ್ರಿ."

"ಮನಿ ಬಿಟ್ಟು ಹೊಂಟೋರಿಗೆ ಹಂಗ ಅನ್ನೂದಿಲ್ರಿ ಡಾಕ್ಟರ ಬಾಯಾರ."

ಲಾರಿ ಹೊರಟಿತು. ಅವಳು ನನ್ನನ್ನು ಎತ್ತಿಕೊಂಡು ಮೇವಿನ ಖೋಲಿಗೆ ಹೋದಳು. ಬಾಗಿಲು ತೆರೆದಿತ್ತು. ಸೀರೆಯ ಅಂಚು ಗೂಟದಲ್ಲಿತ್ತು, ದ್ಯಾಮಿ ಇರಲಿಲ್ಲ. ನಾನು ಕರೆದಿದ್ದೆ. ಅವಳು ಎಂದಿನ ಹಾಗೆ ಬಂದಿದ್ದಳು, ಎಲ್ಲರಿಗಿಂತ ಮೊದಲು.

ಫಕ್ಕೀರವ್ವ ಹೊರಗೆ ಓಡಿದಳು. ಲಾರಿ ಇನ್ನೂ ಗೇಟಿನಲ್ಲಿತ್ತು, ಬಸ್ಸೊಂದು ದಾಟಲಿ ಎಂದು ನಿಂತಿತ್ತು. ಒಂದು ಪೆಟ್ಟು ಸಾಕಿತ್ತು. ಚಾಲಕನ ಪಕ್ಕದಲ್ಲಿ ಡಾಕ್ಟರು ಕೂತಿದ್ದರು, ನನ್ನ ದನಿ ಅವರಿಗೆ ಗೊತ್ತಿತ್ತು. ಸೌಟು ಮೇಲೆ ಹೋಯಿತು. ನಾನು ಮೈಯೆಲ್ಲ ಬಿಗಿಹಿಡಿದೆ. ಸೌಟು ಮೇಲೆಯೇ ನಿಂತಿತು. ಅವಳ ಕಣ್ಣು ಲಾರಿಯ ಮೇಲಿರಲಿಲ್ಲ, ನೀರಿನ ಟಾಕಿಯ ಮೇಲಿತ್ತು.

ಲಾರಿ ತಿರುವು ದಾಟಿತು. ಸೌಟು ಕೆಳಗೆ ಬಂತು, ನನಗೆ ತಗಲದೆ.

ವಿಷಯ ತಿಳಿದ ಡಾಕ್ಟರು ಕಾಡಿನಿಂದ ಫೋನು ಮಾಡಿ ಬಹಳ ನೊಂದುಕೊಂಡರು. ದಾರಿಯಲ್ಲೇ ಎರಡು ಚಿಗರಿ ಹೆದರಿಕೆಗೆ ಸತ್ತಿದ್ದವು, ದ್ಯಾಮಿ ಉಳಿದಿದ್ದಳು. ಮತ್ತೆ ಹಿಡಿದು ಲಾರಿ ಹತ್ತಿಸಿದರೆ ಅವಳೂ ಉಳಿಯುವುದಿಲ್ಲ, ಹಿಂಡಿನ ಜೊತೆ ಕಲಿತರೂ ಕಲಿತಾಳು, ಕಾದು ನೋಡೋಣ ಎಂದರು.

ದ್ಯಾಮಿ ಕಲಿಯಲಿಲ್ಲ. ಅರಣ್ಯ ಕಾವಲುಗಾರರ ಠಾಣೆಯಲ್ಲಿ ಊಟದ ತಾಟು ಸದ್ದಾದರೆ ಸಾಕು, ಬಂದು ನಿಲ್ಲುತ್ತಿದ್ದಳಂತೆ. ಆಮೇಲೆ ಕಾಡಂಚಿನ ಹಟ್ಟಿಯಲ್ಲಿ ಹೆಂಗಸರು ಪಾತ್ರೆ ತಿಕ್ಕುವ ಸದ್ದಿಗೆ ಹೋಗತೊಡಗಿದಳು. ಅಲ್ಲಿ ನಾಯಿಗಳಿದ್ದವು. ಒಂದು ಕಿವಿ ಹರಿದು ಹೋಯಿತು. ಕಾವಲುಗಾರರು ಕಲ್ಲು ಹೊಡೆದರು, ಪಟಾಕಿ ಹಚ್ಚಿದರು. ಒಂದು ದಿನ ಬಿಟ್ಟು ಮತ್ತೆ ಬಂದಳು.

ಡಾಕ್ಟರು ಜೀಪು ತೆಗೆದುಕೊಂಡು ಬಂದರು. ಜಗುಲಿಯ ಮೇಲೆ ಕೂತರು, ಚಹಾ ಮುಟ್ಟಲಿಲ್ಲ.

"ಬ್ಯಾರೇದವರು ಹೆದರಿಸಿದ್ರ ಅಕಿ ಅವರಿಗಷ್ಟ ಹೆದರ್ತಾಳ. ನೀವು ಹೆದರಿಸಿದ್ರ ಎಲ್ಲಾ ಮನಷ್ಯಾರಿಗೂ ಹೆದರ್ತಾಳ."

ಫಕ್ಕೀರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾ ಹೆಂಗ ಹೆದರಸ್ಲಿರಿ? ಅಕಿಗೆ ನನ್ನ ಮಾರಿ ಗೊತ್ತೈತಿ."

"ಅದಕ್ಕ ನಿಮಗ ಕೇಳಾಕತ್ತೀನಿ."

ನಾನೂ ಹೋದೆ. ಅಷ್ಟು ಹಸಿರನ್ನು ನಾನು ಕಂಡಿರಲಿಲ್ಲ. ಒಂದು ಬಯಲಿನಲ್ಲಿ ಫಕ್ಕೀರವ್ವನೊಬ್ಬಳನ್ನೇ ಬಿಟ್ಟು ಉಳಿದವರು ದೂರ ನಿಂತರು. ಅವಳು ನನ್ನನ್ನು ಬಡಿದಳು, ಮೆಲ್ಲಗೆ, ಯಮನಪ್ಪನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆ.

ಪೊದೆ ಅಲುಗಿತು. ದ್ಯಾಮಿ ಬಂದಳು. ಮೈ ತುಂಬಿಕೊಂಡಿತ್ತು, ಕೂದಲು ಮಿಂಚುತ್ತಿತ್ತು, ಹರಿದ ಕಿವಿ ಬಾಡಿದ ಎಲೆಯಂತೆ ಜೋಲುತ್ತಿತ್ತು. ಓಡಿ ಬಂದು ಅವಳ ಮೊಣಕಾಲಿಗೆ ತಲೆ ತಿಕ್ಕಿದಳು. ನನ್ನ ಅಂಚನ್ನು ನೆಕ್ಕಿದಳು.

ಫಕ್ಕೀರವ್ವ ಅವಳ ಕಿವಿಯ ಹತ್ತಿರ ನನ್ನನ್ನು ಬಿರುಸಾಗಿ ಬಡಿದಳು. ದ್ಯಾಮಿ ಬೆಚ್ಚಿ ಎರಡು ಹೆಜ್ಜೆ ಸರಿದು, ಆಟವೆಂದು ತಿಳಿದು, ಮತ್ತೆ ಬಂದಳು. ಫಕ್ಕೀರವ್ವ ಮಣ್ಣಿನ ಹೆಂಟೆ ಎಸೆದಳು. ದ್ಯಾಮಿ ಅದನ್ನು ಮೂಸಿ ನೋಡಿದಳು, ತಿನ್ನಲು ಕೊಟ್ಟಿದ್ದಾರೋ ಏನೋ ಎಂದು. ಫಕ್ಕೀರವ್ವ ಕಲ್ಲು ಎತ್ತಿಕೊಂಡಳು, ಕೈ ಬರಲಿಲ್ಲ, ಕೆಳಗೆ ಬಿಟ್ಟಳು. ದೂರದಲ್ಲಿ ಡಾಕ್ಟರು ಬೆನ್ನು ತಿರುಗಿಸಿ ನಿಂತಿದ್ದರು.

ಆಗ ಅವಳು ನನ್ನನ್ನು ಎತ್ತಿದಳು, ಎರಡೂ ಕೈಯಿಂದ, ತಲೆಯ ಮೇಲೆ.

"ಹೋಗ" ಎಂದಳು. ಆ ಮಾತು ಆ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. "ಹೋಗ. ಬರಬ್ಯಾಡ."

ನಾನು ಗಾಳಿಯಲ್ಲಿದ್ದೆ. ಪಾತ್ರೆಗೆ ತಾನು ಬೀಳುವ ಜಾಗ ಆರಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ನನ್ನ ಅಂಚು, ದ್ಯಾಮಿ ನೆಕ್ಕಿದ ಅದೇ ಅಂಚು, ಅವಳ ಪಕ್ಕೆಗೆ ಹೊಡೆಯಿತು. ದ್ಯಾಮಿ ಒಮ್ಮೆ ಕೂಗಿದಳು. ನಾನು ಬಂಡೆಗೆ ಬಿದ್ದು ಸೀಳಿದೆ. ನನ್ನ ಸದ್ದು ಮುಗಿಯುವ ಮೊದಲೇ ಅವಳು ಅಲ್ಲಿ ಇರಲೇ ಇಲ್ಲವೆಂಬಂತೆ ಕಾಡಿನೊಳಗೆ ಹೋಗಿದ್ದಳು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ನಮಗೆ ಬೇಕಾದದ್ದೂ ಅದೇ ಆಗಿತ್ತು.

ಫಕ್ಕೀರವ್ವ ನನ್ನನ್ನು ಎತ್ತಿಕೊಂಡು, ಅಂಚಿಗೆ ಅಂಟಿದ್ದ ಕೂದಲನ್ನು ಬೆರಳಿನಿಂದ ತೆಗೆದು, ಕುಪ್ಪಸದೊಳಗೆ ಇಟ್ಟುಕೊಂಡಳು.

ಈಗ ನಾನು ಅಡಿಗೆಮನೆಯ ಹಲಗೆಯ ಮೇಲಿದ್ದೇನೆ, ತೌಡಿನ ಡಬ್ಬಿಗೆ ಮುಚ್ಚಳವಾಗಿ. ಸೀಳಿದ ಗಂಗಾಳದಲ್ಲಿ ಸಾರು ನಿಲ್ಲುವುದಿಲ್ಲ. ದನಿಯೂ ಒಡೆದಿದೆ. ಗುಜರಿಯವನು ಬಂದಾಗಲೆಲ್ಲ ಕೇಳುತ್ತಾನೆ, ಅವಳು ಕೊಡುವುದಿಲ್ಲ. ತೋಟದಲ್ಲಿ ಉಳಿದ ಗಂಡುಗಳಿಗೆ ಈಗ ಕರೆ ಇಲ್ಲ. ಮೇವು ಹಾಕಿ ಸುಮ್ಮನೆ ನಿಲ್ಲುತ್ತಾಳೆ, ಬಂದಾಗ ಬರುತ್ತವೆ. ನಾನು ಇಲ್ಲಿ ಕೂತು ಯೋಚಿಸುತ್ತೇನೆ. ಕರೆದಾಗ ಸುಮ್ಮನಿರಬೇಕಿತ್ತು, ಸುಮ್ಮನಿದ್ದಾಗ ಕರೆಯಬೇಕಿತ್ತು. ಎರಡೂ ನನ್ನ ಕೈಯಲ್ಲಿರಲಿಲ್ಲ. ನನಗೆ ಕೈಯೇ ಇಲ್ಲ. ಕೈ ಇದ್ದ ಫಕ್ಕೀರವ್ವನಿಂದಾದರೂ ಏನಾಯಿತು?

ಮೊನ್ನೆ ಡಾಕ್ಟರು ಬಂದಿದ್ದರು. ಠಾಣೆಯ ಹತ್ತಿರ ನೀರಿಗೆ ಬಂದ ಹಿಂಡಿನಲ್ಲಿ ಹರಿದ ಕಿವಿಯವಳು ಕಂಡಳಂತೆ. ಅಷ್ಟರಲ್ಲಿ ಒಳಗೆ ಯಾರದೋ ತಾಟು ಕೈಜಾರಿ ಬಿತ್ತಂತೆ.

"ಓಡಿದ್ಲ?" ಎಂದು ಕೇಳಿದಳು ಫಕ್ಕೀರವ್ವ.

"ಓಡಿದ್ಲು. ಎಲ್ಲಾರಿಗಿಂತ ಮೊದಲ."

ಫಕ್ಕೀರವ್ವ ತಲೆ ಆಡಿಸಿದಳು. ಚಹಾಕ್ಕೆ ಸಕ್ಕರೆ ತೆಗೆಯಲೆಂದು ಒಳಗೆ ಬಂದು ಹಲಗೆಗೆ ಕೈ ಹಾಕಿದಳು. ಗೂಟಕ್ಕೆ ತೂಗುಹಾಕಿದ್ದ ಸೌಟು ಕೈ ತಗಲಿ ನನ್ನ ಮೇಲೆ ಬಿತ್ತು. ಒಡಕು ದನಿಯಲ್ಲಿ ನಾನು ಒಮ್ಮೆ ಕೂಗಿದೆ. ಅವಳು ಅಂಗೈಯನ್ನು ನನ್ನ ಬೆನ್ನಿನ ಮೇಲೆ ಒತ್ತಿ ಹಿಡಿದಳು. ನನ್ನ ನಡುಕ ನಿಂತ ಮೇಲೂ ಆ ಕೈ ಅಲ್ಲೇ ಇತ್ತು.