ಹನ್ನೆರಡನೆಯ ಬಟ್ಟಲು

ಗಂಡ ಸತ್ತ ಏಳನೆಯ ದಿನ ಬೆಳಿಗ್ಗೆ ಯಾರಾದರೂ ಅಂಗಡಿ ಬಾಗಿಲು ತೆಗೆಯುತ್ತಾರೆಯೇ? ನಾನು ತೆಗೆದೆ. ಆಡಿಕೊಳ್ಳುವವರು ಆಡಿಕೊಳ್ಳಲಿ, ಅವರ ಬಾಯಿಗೆ ಬೀಗ ಹಾಕುವಷ್ಟು ಪುರುಸೊತ್ತು ನನಗಿಲ್ಲ.

ನಮ್ಮೂರು ಚೊಂಗ್‌ಚಿಂಗ್‌ನಲ್ಲಿ ಸತ್ತವರು ಏಳನೆಯ ದಿನ ಬಂದು ಕೊನೆಯ ಸಲ ಉಂಡು ಹೋಗುತ್ತಾರೆ. ಅವರಿಗೆ ಇಷ್ಟವಾದದ್ದನ್ನು ಬಡಿಸಿಟ್ಟು ಮನೆಯವರು ಮುಸುಕೆಳೆದು ಮಲಗಬೇಕು. ತಿರುಗಿ ನೋಡಬಾರದು, ಹೆಸರು ಹಿಡಿದು ಕರೆಯಬಾರದು. ಕಣ್ಣಿಗೆ ಕಣ್ಣು ಸೇರಿತೋ, ಅವರಿಗೆ ಹೋಗಲು ಮನಸ್ಸೇ ಬರುವುದಿಲ್ಲ. ಅಂತರಪಿಶಾಚಿಯಾಗಿ ಇಲ್ಲೇ ಅಲೆಯುತ್ತಾರೆ.

ಮಗಳು ಯಾತಿಂಗ್ ಎಲ್ಲವನ್ನೂ ಶಾಸ್ತ್ರದ ಪ್ರಕಾರವೇ ಮಾಡಿದ್ದಳು. ಹಂದಿಮಾಂಸ, ಇಡೀ ಮೀನು, ಒಂದು ಲೋಟ ಮದ್ಯ. ಹೆಜ್ಜೆ ಮೂಡಲೆಂದು ಹೊಸ್ತಿಲಿಗೆ ಬೂದಿ ಎರಚಿದ್ದಳು. ಬೆಳಕು ಹರಿಯುವಾಗ ನೋಡಿದರೆ ಬೂದಿ ಹಾಗೇ ಇತ್ತು.

"ಅಪ್ಪ ಇನ್ನೂ ಬಂದಿಲ್ಲಮ್ಮ. ನೀನು ಏಳಬೇಡ, ಮಲಕ್ಕೋ," ಅಂದಳು.

"ನಿಮ್ಮಪ್ಪ ಇಲ್ಲಿಗ್ಯಾಕೆ ಬರ್ತಾನೆ? ಅಂಗಡಿ ಇಟ್ಟ ಇಪ್ಪತ್ಮೂರು ವರ್ಷದಲ್ಲಿ ಒಂದು ದಿನ ಬೆಳಿಗ್ಗೆ ಈ ಮನೇಲಿ ತಿಂದಿದ್ದಾನಾ? ಮೀನಂತೆ, ಮದ್ಯವಂತೆ! ನೆಂಟರಿಗೆ ಬಡಿಸೋ ಹಂಗೆ ಬಡಿಸಿದ್ದೀಯ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ.

ಅಂಗಡಿಯೆಂದರೆ ಕಲ್ಲುಮೆಟ್ಟಿಲ ಪಕ್ಕದ ಒಂದು ಬಿಲ. ಒಳಗೆ ಒಲೆ, ನೂಡಲ್ಸ್ ಬೇಯುವ ಹಂಡೆ, ನಾನು. ಹೊರಗೆ ಎಂಟು ಜನ ಕೂರಬಹುದು: ಎತ್ತರದ ಪ್ಲಾಸ್ಟಿಕ್ ಸ್ಟೂಲೇ ಮೇಜು, ಗಿಡ್ಡದೇ ಕುರ್ಚಿ. ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ. ಒಲೆ ಗೋಡೆಗೆ ಅಂಟಿಕೊಂಡಿರುವುದರಿಂದ ನನ್ನ ಬೆನ್ನು ಯಾವಾಗಲೂ ಗಿರಾಕಿಗಳ ಕಡೆಗೆ. ಅವರು ಹಿಂದಿನಿಂದ ಕೂಗುತ್ತಾರೆ, ನಾನು ತಿರುಗದೆ ಬಟ್ಟಲು ಸಾಲಿಡುತ್ತೇನೆ. ಚೀಟಿ ಗೀಟಿ ಇಲ್ಲ. ಒಬ್ಬರದೂ ತಪ್ಪಿಲ್ಲ.

ಬಟ್ಟಲು ಹಂಚುವುದು, ತೊಳೆಯುವುದು ನನ್ನ ಗಂಡ ಪೆಂಗ್ ಶಿಲಿನ್‌ನ ಕೆಲಸ. ಅವನು ತಿನ್ನುತ್ತಿದ್ದದ್ದೂ ಅಲ್ಲೇ, ಮೂಲೆಯಲ್ಲಿ ನಿಂತುಕೊಂಡೇ. ಆ ಕೊನೆಯ ದಿನ ಮಾತ್ರ, ಜನ ಮುತ್ತಿಕೊಂಡಿರುವಾಗ, ಬಟ್ಟಲು ಹಿಡಿದು ಗಿರಾಕಿಯ ಸ್ಟೂಲಿನ ಮೇಲೆ ಕೂತ. ನನಗೆ ಮೈಯೆಲ್ಲ ಉರಿದುಹೋಯಿತು.

"ಏಳಯ್ಯಾ ದಂಡಪಿಂಡ! ಗಿರಾಕಿಗಳು ನಿಂತಿದಾರೆ, ನಿನಗೆ ಸಿಂಹಾಸನ ಬೇಕಾ?"

ಮುಟ್ಟದ ಬಟ್ಟಲನ್ನು ಕೆಳಗಿಟ್ಟು ಎದ್ದ. ಎಂಜಲು ಬಟ್ಟಲುಗಳನ್ನು ಎತ್ತಿಕೊಂಡು ಮೂರು ಮೆಟ್ಟಿಲು ಇಳಿದ, ಬಿದ್ದ. ಹೃದಯ ನಿಂತಿತ್ತು ಅಂದರು ಡಾಕ್ಟರು. ಸುಸ್ತಾಗಿ ಕೂತವನನ್ನು ನಾನು ಹಸಿದ ಹೊಟ್ಟೆಯಲ್ಲಿ ಎಬ್ಬಿಸಿ ಕಳಿಸಿದೆ. ಅವನು ಒಂದು ಸಲ ಕೂತು ತಿನ್ನಬೇಕು, ನಾನು ಅವನ ಮುಖ ನೋಡಿ ತಪ್ಪಾಯಿತು ಅನ್ನಬೇಕು. ಬೇರೇನೂ ಬೇಡವಾಗಿತ್ತು ನನಗೆ.

ಏಳನೆಯ ದಿನವೂ ಹಂಡೆ ಕುದಿ ಬರುವಷ್ಟರಲ್ಲಿ ಜನ ಸೇರಿದರು. ಸತ್ತವನ ಸುದ್ದಿ ಯಾರೂ ಎತ್ತಲಿಲ್ಲ, ಪುಣ್ಯ. "ದೊಡ್ಡದು, ಖಾರ ಜಾಸ್ತಿ!" "ಚಿಕ್ಕದು, ರಸ ಬೇಡ!" ಎಂದು ಕೂಗಿದರು. ನಾನು ಎಣ್ಣೆ, ಉಪ್ಪು, ಮೆಣಸಿನಪುಡಿ ಹಾಕುತ್ತ ಹೋದೆ. ಕಿವಿ ಕೇಳಿತೋ, ಕೈ ಕೇಳಿತೋ, ಸಾಲಿನ ಕೊನೆಯ ಬಟ್ಟಲನ್ನೂ ತುಂಬಿದೆ.

ಬಿದಿರುಕೋಲಿನಲ್ಲಿ ಹೊರೆ ಹೊರುವ ಶ್ಯೋಂಗ್ ಬಟ್ಟಲು ಹಂಚಲು ಬಂದ. "ಅತ್ತಿಗೆ, ನಾವಿರೋದು ಹನ್ನೊಂದು ಜನ. ಹನ್ನೆರಡು ಮಾಡಿದೀರಲ್ಲ, ಇದ್ಯಾರ್ದು?"

ನೋಡಿದೆ. ಸೊಪ್ಪು ಒಂದೆಲೆಯೂ ಇಲ್ಲ, ಮೂರು ಸೌಟು ವಿನೆಗರ್. ಆ ಹುಳಿ ತಿನ್ನುವ ಪ್ರಾಣಿ ಈ ಓಣಿಯಲ್ಲಿ ಒಂದೇ ಇದ್ದದ್ದು.

"ಖಾಲಿ ಇರೋ ಕಡೆ ಇಡು," ಅಂದೆ.

"ಖಾಲಿ ಎಲ್ಲಿದೆ? ನಾವೇ ನಾಲ್ಕು ಜನ ನಿಂತು..." ಅವನ ಮಾತು ಅರ್ಧಕ್ಕೇ ನಿಂತಿತು. "ಅರೆ, ಮೂಲೆದು ಖಾಲಿನೇ ಇದೆ. ಯಾರೋ ಕೂತಿದಾರೆ ಅನ್ಕೊಂಡೇ ನಿಂತಿದ್ನಲ್ಲ."

ಖಾಲಿ ಅಂತ ಗೊತ್ತಾದ ಮೇಲೂ ಅವನು ಕೂರಲಿಲ್ಲ. ಬಟ್ಟಲನ್ನು ಅಲ್ಲಿಟ್ಟು ಹಿಂದೆ ಸರಿದ. ನಾನು ಗೋಡೆಗೆ ಮುಖ ಮಾಡಿದೆ.

ಗುಡುಗು ಬಂದರೂ ಕೇಳಿಸದಷ್ಟು ಗದ್ದಲದ ಜಾಗ ನನ್ನದು. ಅದು ಒಮ್ಮೆಲೇ ತಣ್ಣಗಾಯಿತು. ಆ ಮೌನದಲ್ಲಿ ಕಲ್ಲಿನ ಮೇಲೆ ಸ್ಟೂಲು ಸರಿದ ಸದ್ದು. ಆಮೇಲೆ ನೂಡಲ್ಸ್ ಹೀರುವ ಸದ್ದು, ನಿಧಾನವಾಗಿ, ಎಡಗಡೆಯ ಹಲ್ಲಿಲ್ಲದ ನನ್ನ ಗಂಡ ಹೀರುತ್ತಿದ್ದ ಹಾಗೆ. ನನ್ನ ಕತ್ತಿನ ನರ ಸೆಟೆದುಕೊಂಡಿತು. ಒಂದು ಸಲ ತಿರುಗಿದರೆ ಸಾಕು, ಮುಖ ಕಾಣುತ್ತದೆ. ಪೆಂಗ್ ಅಂದರೆ ಸಾಕು, ಇಲ್ಲೇ ಉಳಿಯುತ್ತಾನೆ. ಉಳಿದರೇನು, ಪಿಶಾಚಿಯಾಗಿಯಾದರೂ ಉಳಿಯಲಿ ಅಂತಲೂ ಅನ್ನಿಸಿತು, ಸುಳ್ಳೇಕೆ ಹೇಳಲಿ?

ಅಷ್ಟರಲ್ಲಿ ಯಾರೋ ಹೊಸಬ ಬಂದ. "ಆಂಟಿ, ಮೂಲೇಲಿ ಒಂದು ಸೀಟಿದೆ, ಕೂತ್ಕೋತೀನಿ."

"ಕೂತ್ರೆ ಕಾಲು ಮುರೀತೀನಿ!" ಗೋಡೆಗೇ ಕಿರುಚಿದೆ. "ತಿಂತಿರೋದು ಕಾಣಲ್ವಾ?"

ನಾನು ನಾಲಿಗೆ ಕಚ್ಚಿ ಹಿಡಿದೆ. ರಕ್ತ ಬಂತು. ಹೆಸರು ಬರಲಿಲ್ಲ.

"ನಿಧಾನಕ್ಕೆ ತಿನ್ನು," ಅಂದೆ. "ಯಾರೂ ಏಳಿಸಲ್ಲ. ತಪ್ಪಾಯ್ತು ಕಣೋ."

ಹೀರುವ ಸದ್ದು ನಿಂತಿತು. ಎಷ್ಟು ಹೊತ್ತಿನ ಮೇಲೋ ಶ್ಯೋಂಗ್ ಉಸಿರು ಬಿಟ್ಟ. ಜನ ಮತ್ತೆ ಮಾತು ಶುರು ಮಾಡಿದರು. ಆಗ ತಿರುಗಿದೆ.

ಮೂಲೆಯಲ್ಲಿ ಯಾರೂ ಇರಲಿಲ್ಲ. ಬಟ್ಟಲು ತುಂಬಿಕೊಂಡೇ ಇತ್ತು. ನೂಡಲ್ಸ್ ಉಬ್ಬಿತ್ತು, ಒಂದೆಳೆಯೂ ಕಡಿಮೆಯಾಗಿರಲಿಲ್ಲ.

"ಯಾರೂ ಮುಟ್ಟೇ ಇಲ್ಲ ಅತ್ತಿಗೆ," ಅಂದ ಶ್ಯೋಂಗ್, ಮೆಲ್ಲಗೆ.

ಬರಲೇ ಇಲ್ಲವೇ? ಹಸಿದುಕೊಂಡೇ ಹೋದನೇ? ಒಲೆ ಬಿಟ್ಟು ಹೋಗಿ ಆ ಸ್ಟೂಲಿನ ಮೇಲೆ ಕುಸಿದೆ. ತಿನ್ನುವ ಕಡ್ಡಿ ಎತ್ತಿಕೊಂಡು ಒಂದು ತುತ್ತು ಬಾಯಿಗಿಟ್ಟೆ.

ಹುಳಿ ಇರಲಿಲ್ಲ. ಮೂರು ಸೌಟು ನನ್ನ ಕೈಯಾರೆ ಹಾಕಿದ್ದು, ಹಲ್ಲು ಚುಳ್ಳೆನ್ನಬೇಕಿತ್ತು. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯ ವಾಸನೆಯೂ ಇಲ್ಲ. ಬರೀ ಸಪ್ಪೆ. ಸತ್ತವರು ಉಂಡದ್ದು ನೋಟಕ್ಕೆ ಹಾಗೇ ಇರುತ್ತದೆ, ರುಚಿಯನ್ನು ಮಾತ್ರ ಒಯ್ದುಬಿಡುತ್ತಾರೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

"ತಿಂದಿದಾನೆ ಮುಂಡೇದು," ಅಂದೆ ಶ್ಯೋಂಗ್‌ಗೆ. "ಹೊಟ್ಟೆ ತುಂಬ ತಿಂದಿದಾನೆ." ಅಷ್ಟು ಜನರ ಎದುರಿಗೇ ಅಳುತ್ತ ಆ ಸಪ್ಪೆ ನೂಡಲ್ಸನ್ನು ತಳದವರೆಗೂ ತಿಂದೆ.